ಟೈಮಿಂಗ್ ಕವರಿನ ಅಂಚಿನಿಂದ ಬೀಳುವ ಎಣ್ಣೆ ಹನಿಯವರಿಗೆ

ಗೆ,
ಶ್ರೀಮಾನ್ ಎಣ್ಣೆ ಹನಿಯವರು,
ಟೈಮಿಂಗ್ ಕವರಿನ ಕೆಳ ಅಂಚು, 1954ನೆಯ ಇಸವಿಯ ಕಾರಿನ ಎಂಜಿನ್,
ಒಣದ್ರಾಕ್ಷಿ ಶೆಡ್ಡು, ತಿಕೋಟಾ.

ವಿಷಯ: ತಾವು ದಿನಂಪ್ರತಿ ಬೀಳುತ್ತಿರುವ ಬಗ್ಗೆ.
ಉಲ್ಲೇಖ: ನನ್ನ ಹೆಂಡತಿಯ ಬಿಳಿ ಪಿಂಗಾಣಿ ತಟ್ಟೆ.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂಬುದು ಪ್ರತಿದಿನ ಬೆಳಿಗ್ಗೆ ಕಾರಿನ ಕೆಳಗೆ ಬಗ್ಗಿದಾಗ ನನಗೆ ತಿಳಿದುಬರುತ್ತಿದೆ. ಹಾಗೆ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ತಹಶೀಲ್ದಾರ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದು ಊರವರ ಅರ್ಜಿಗಳನ್ನೆಲ್ಲ ಓದಿ ಬದಿಗಿಟ್ಟ ನಾನು, ಲಾಡಲೇಸಾಬ, ನಿವೃತ್ತನಾದ ಮೇಲೆ ಸ್ವಂತಕ್ಕಾಗಿ ಬರೆಯುತ್ತಿರುವ ಮೊದಲ ಅರ್ಜಿ ಇದು. ಆದ್ದರಿಂದ ತಾವು ಸ್ವಲ್ಪ ಹೊತ್ತು ಬೀಳುವುದನ್ನು ತಡೆಹಿಡಿದು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ.

ತಾವು ವಾಸವಾಗಿರುವ ಕಾರು ನನ್ನ ಅಪ್ಪನದು. ನನ್ನ ಅಣ್ಣ ಬಾಬುಸಾಬ ಹರೆಯದಲ್ಲಿ ಅದನ್ನು ತಿಕೋಟಾದಿಂದ ವಿಜಯಪುರಕ್ಕೆ ಬಾಡಿಗೆ ಓಡಿಸುತ್ತಿದ್ದ. ಆಮೇಲೆ ಅವನು ನಿಡೋಣಿಯಲ್ಲಿ ಹೊಲ ಮಾಡಿಕೊಂಡು ಅಲ್ಲಿಯೇ ನೆಲೆಸಿದ, ಕಾರು ನಮ್ಮ ಶೆಡ್ಡಿನಲ್ಲಿ ನಿಂತು ಇಪ್ಪತ್ತೆರಡು ವರ್ಷ ಕೋಳಿಗಳಿಗೆ ಮೊಟ್ಟೆ ಇಡುವ ಜಾಗವಾಯಿತು. ಮಗಳು ಸುಮಯ್ಯಾಳ ನಿಕಾಹ ಗೊತ್ತಾದಾಗ, ಅವಳು ಬಬಲೇಶ್ವರದ ಗಂಡನ ಮನೆಗೆ ಇದೇ ಕಾರಿನಲ್ಲಿ ಹೋಗುತ್ತಾಳೆಂದು ನಾನು ಹತ್ತು ಜನರ ಮುಂದೆ ಹೇಳಿಬಿಟ್ಟೆ. ಅಣ್ಣ ಅದನ್ನು ಕೇಳಿ, "ನಿನಗ ಎಂಜಿನ್ ಅಂದ್ರ ಏನ್ ತಿಳಿತೈತಿ, ಫೈಲ್ ಕಟ್ಟಿದಂಗ ಅಲ್ಲ ಅದು" ಎಂದು ಫೋನಿನಲ್ಲಿ ನಕ್ಕ. ಆ ಎಂಜಿನ್ನಿನ ಒಂದೊಂದು ನಟ್ಟೂ ಗೊತ್ತಿದ್ದ ಮನುಷ್ಯನನ್ನು ಕರೆಯದೆಯೇ ಕೆಲಸ ಮುಗಿಸಿ ತೋರಿಸಬೇಕೆಂಬ ಹಟ ನನಗೆ ಹತ್ತಿತು. ತಮ್ಮ ಜನನಕ್ಕೆ ಈ ಹಟವೇ ಮೂಲವೆಂದು ದಾಖಲೆಗಾಗಿ ಒಪ್ಪಿಕೊಳ್ಳುತ್ತೇನೆ.

ವಿಜಯಪುರದಿಂದ ಇಸಾಕ ಎಂಬ ಹಳೆಯ ಮಿಸ್ತ್ರಿಯನ್ನು ಕರೆಸಿದೆ. ಇಬ್ಬರೂ ಎಂಜಿನ್ ಬಿಚ್ಚಿ, ದ್ರಾಕ್ಷಿ ಒಣಹಾಕುವ ಬಲೆಗಳ ಮೇಲೆ ಸಾಲಾಗಿ ಹರವಿದೆವು. ಒಂದು ಬಲೆಯಲ್ಲಿ ಪಿಸ್ಟನ್ನುಗಳು, ಇನ್ನೊಂದರಲ್ಲಿ ವಾಲ್ವುಗಳು, ಮೂರನೆಯದರಲ್ಲಿ ಹೆಸರು ಕೇಳಲು ನನಗೆ ನಾಚಿಕೆಯಾದ ಸಾಮಾನುಗಳು. ತಿರುಗಿ ಕೂಡಿಸುವಾಗ ಬೋಲ್ಟುಗಳ ಬಟ್ಟಲಿನಲ್ಲಿ ಎರಡು ಒಣದ್ರಾಕ್ಷಿ ಸಿಕ್ಕವು, ಇಸಾಕ ಅವನ್ನು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡ. ಲೋಹಕ್ಕೆ ಲೋಹ ಕೂಡುವ ಕಡೆಯಲ್ಲೆಲ್ಲ ನಡುವೆ ಒಂದು ಹಾಳೆ ಇರಬೇಕಂತೆ, ಗ್ಯಾರೇಜಿನವರು ಅದಕ್ಕೆ ಪ್ಯಾಕಿಂಗ್ ಎನ್ನುತ್ತಾರೆ, ಅದಿಲ್ಲದಿದ್ದರೆ ತಮ್ಮಂಥವರು ಒಳಗೆ ನಿಲ್ಲುವುದಿಲ್ಲ. ಉಳಿದೆಲ್ಲ ಪ್ಯಾಕಿಂಗ್ ಸಿಕ್ಕವು. ಎಂಜಿನ್ನಿನ ಮೂತಿಗೆ ಮುಚ್ಚಳದಂತಿರುವ ಟೈಮಿಂಗ್ ಕವರಿನದು ಮಾತ್ರ ವಿಜಯಪುರದ ಯಾವ ಅಂಗಡಿಯಲ್ಲೂ ಇರಲಿಲ್ಲ. "ದಪ್ಪನ ಕಾಗದ ಇದ್ರ ಕೊಡ್ರಿ ಸಾಹೇಬ್ರ, ಬಡದು ಮಾಡ್ತೇನಿ" ಎಂದ ಇಸಾಕ. ನಾನು ಒಳಗೆ ಹೋಗಿ, ಗೋಡೆಯ ಗೂಡಿನಲ್ಲಿದ್ದ ಒಂದು ಮದುವೆ ಪತ್ರಿಕೆಯನ್ನು, ಹಂಚಿ ಉಳಿದದ್ದಿರಬೇಕೆಂದು ತಿರುಗಿಸಿಯೂ ನೋಡದೆ ತಂದುಕೊಟ್ಟೆ.

ಅವನು ಅದನ್ನು ಬಿಚ್ಚಿ ಕವರಿನ ಮೇಲೆ ಹರಡಿ, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದಂತೆ, ಹಾಳೆ ಕತ್ತರಿಯಿಲ್ಲದೆ ಕವರಿನ ಆಕಾರಕ್ಕೇ ಕತ್ತರಿಸಿಕೊಂಡಿತು. "ಭಾಳ ಛಲೋ ಕಾಗದ ಐತ್ರಿ" ಎಂದು ಹೊಗಳಿದ. ಎರಡೂ ಬದಿಗೆ ಅಂಟು ಸವರಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು ಎಂಜಿನ್ ಚಾಲೂ ಮಾಡಿದಾಗ ನಾನು ಎದೆಯುಬ್ಬಿಸಿ ನಿಂತಿದ್ದೆ. ಹತ್ತನೆಯ ನಿಮಿಷಕ್ಕೆ ತಾವು ದಯಮಾಡಿಸಿದಿರಿ.

ಇಲ್ಲಿಂದ ನನ್ನ ಅಹವಾಲು ಶುರುವಾಗುತ್ತದೆ. ಬೋಲ್ಟು ಬಿಗಿದೆವು, ಬಂದಿರಿ. ಹೊರಗಿನಿಂದ ಅಂಟು ಬಳಿದೆವು, ಅದರ ಪಕ್ಕದಲ್ಲಿ ಹಾದಿ ಮಾಡಿಕೊಂಡು ಬಂದಿರಿ. ದಿನಕ್ಕೆಷ್ಟು ಬೀಳುತ್ತೀರೆಂದು ನೋಡಲು ನಾನು ಹೆಂಡತಿ ಮುಮತಾಜಳ ಬಿಳಿ ತಟ್ಟೆಯನ್ನು ಕೇಳದೆ ತಂದು ಕೆಳಗಿಟ್ಟೆ, ಅದು ನಾನು ಮಾಡಿದ ಎರಡನೆಯ ತಪ್ಪು.

ಮೊದಲನೆಯದು ಏನೆಂದು ಆ ಮಂಗಳವಾರ ಗೊತ್ತಾಯಿತು. ನಿಕಾಹಕ್ಕೆ ಐದೇ ದಿನ ಉಳಿದಿದ್ದವು. ಅಣ್ಣ ಫೋನು ಮಾಡಿ, ಊರಿಗೆಲ್ಲ ಪತ್ರಿಕೆ ಬಂದಿದೆ, ತನಗೆ ಬಂದಿಲ್ಲ, ಆದ್ದರಿಂದ ತಾನೂ ಬರುವುದಿಲ್ಲ ಎಂದ. ನಮ್ಮ ಮನೆಯ ಪದ್ಧತಿಯಲ್ಲಿ ಮೊದಲ ಪತ್ರಿಕೆಗೆ ಅತ್ತರು ಹಚ್ಚಿ, ಹಿರಿಯರ ಹೆಸರು ಬರೆದು, ಮನೆಯ ಯಜಮಾನನೇ ಹೋಗಿ ಕೈಯಲ್ಲಿ ಕೊಟ್ಟುಬರಬೇಕು. ನಿನ್ನ ಹೆಸರೇ ಮೊದಲು ಬರೆದದ್ದು ಎಂದು ನಾನು ಆಣೆ ಮಾಡಿದರೆ, "ಬರದಿದ್ದು ಖರೇ ಆದ್ರ ಅದನ್ನ ತೋರ್ಸು. ಈಗ ಹೊಸಾದು ಬರದು ತರಬ್ಯಾಡ" ಎಂದು ಫೋನು ಇಟ್ಟ. ನಾನು ಕೊಟ್ಟು ಬಂದಿದ್ದೇನೆಂದು ಮುಮತಾಜ ತಿಳಿದಿದ್ದಳು. ಯಾರ ಕೈಯಲ್ಲೋ ಅವಳೇ ಕಳಿಸಿದ್ದಾಳೆಂದು ನಾನು ತಿಳಿದಿದ್ದೆ. ಕಾಜಿಯವರು ನಿಕಾಹ ಓದುವ ಮೊದಲು ಮನೆಯ ಹಿರಿಯರೊಬ್ಬರು ಸಾಕ್ಷಿಗಳೊಂದಿಗೆ ಒಳಗೆ ಹೋಗಿ ಹುಡುಗಿಯ ಒಪ್ಪಿಗೆ ಕೇಳುತ್ತಾರೆ, ಆ ಕೆಲಸ ಅಣ್ಣನದೆಂದು ಸುಮಯ್ಯಾ ಹುಟ್ಟಿದ ದಿನವೇ ಗೊತ್ತುಮಾಡಿಟ್ಟದ್ದು. "ಕೇಳಾಕ ದೊಡ್ಡಪ್ಪ ಬರ್ಲಿಲ್ಲಂದ್ರ ನಾ ಬಾಯಿ ತೆಗ್ಯಂಗಿಲ್ಲ" ಎಂದು ಅವಳು ಬಾಗಿಲು ಹಾಕಿಕೊಂಡಳು. ನನಗೆ ನಿಜವಾಗಿ ಹೆದರಿಕೆಯಾಯಿತು.

ಅಣ್ಣನ ಪತ್ರಿಕೆ ಇಟ್ಟಿದ್ದ ಗೋಡೆಯ ಗೂಡು ಖಾಲಿಯಿತ್ತು. ಮುಮತಾಜ ಪತ್ರಿಕೆ ಹುಡುಕುತ್ತ ಶೆಡ್ಡಿಗೆ ಬಂದಾಗ, ತಾವು ಆಕೆಯ ತಟ್ಟೆಯಲ್ಲಿ ಆರಾಮವಾಗಿ ಕುಳಿತಿದ್ದಿರಿ, ಮೈಮೇಲೆ ಬಂಗಾರ ಬಣ್ಣದ ಸಣ್ಣ ಚೂರೊಂದನ್ನು ಧರಿಸಿ. ಆಕೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಪತ್ರಿಕಿ ಬಣ್ಣ ಅಲ್ಲೇನ್ರಿ" ಎಂದು ಮಾತ್ರ ಕೇಳಿದಳು. ಸ್ವಾಮಿ, ತಮಗೆ ಸತ್ಯ ಹೇಳಲೇಬೇಕಿದ್ದರೆ ನನ್ನನ್ನು ಬದಿಗೆ ಕರೆದು ಹೇಳಬಹುದಿತ್ತು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಒಂದು ಕಾಗದ ಕಳೆದವನಲ್ಲ ಎಂದು ಮನೆಯಲ್ಲಿ ಹೇಳಿಕೊಂಡು ಬಂದವನ ಮಾನವನ್ನು ಹೆಂಡತಿಯ ತಟ್ಟೆಯಲ್ಲಿಯೇ ಹಾಕಿಕೊಟ್ಟಿರಿ. ತಮ್ಮಷ್ಟು ಪ್ರಾಮಾಣಿಕರು ನಮ್ಮ ಇಲಾಖೆಯಲ್ಲಿ ಇದ್ದಿದ್ದರೆ ಅವರನ್ನು ಆರು ತಿಂಗಳಿಗೊಮ್ಮೆ ವರ್ಗ ಮಾಡುತ್ತಿದ್ದೆವು.

ಬುಧವಾರ ರೇಡಿಯೇಟರು, ಬೆಲ್ಟು, ಪುಲ್ಲಿ ಎಲ್ಲವನ್ನೂ ಮತ್ತೆ ಬಿಚ್ಚಿ ಕವರು ತೆಗೆದೆವು. ತಮ್ಮನ್ನು ಒಂದು ದಿನವೂ ತಡೆಯಲಾರದ ಆ ಅಂಟು, ಪತ್ರಿಕೆಯನ್ನು ಮಾತ್ರ ಕವರಿಗೆ ಹೇಗೆ ಕಚ್ಚಿಸಿತ್ತೆಂದರೆ ಬ್ಲೇಡು ಆಡಿಸಿದರೆ ಹರಿಯುತ್ತಿತ್ತು. ಕೆಳ ಅಂಚಿನಲ್ಲಿ ಮುಮತಾಜಳ ಕೈಬರಹದಲ್ಲಿ ಅಣ್ಣನ ಹೆಸರು ಪೂರ್ತಿ ಇತ್ತು. ಅದರ ಪಕ್ಕದಲ್ಲೇ ಉಬ್ಬಿದ ಬಂಗಾರದ ಬಳ್ಳಿ, ಆ ಉಬ್ಬಿನ ಸಂದಿಯೇ ತಮ್ಮ ಹೆದ್ದಾರಿ. ಬೇರೆ ದಾರಿ ಕಾಣದೆ ನಾನು ಇಡೀ ಕವರನ್ನೇ ಟಾವೆಲಿನಲ್ಲಿ ಸುತ್ತಿಕೊಂಡು ಗುರುವಾರ ಜೀಪು ಹತ್ತಿ ನಿಡೋಣಿಗೆ ಹೋಗಿ, ಪದ್ಧತಿಯ ಪ್ರಕಾರ ಎರಡೂ ಕೈಯಿಂದ ಅಣ್ಣನಿಗೆ ಕೊಟ್ಟೆ. ಮದುವೆಯ ಕರೆಯೋಲೆಯಿಂದ ಆಹ್ವಾನಿತರ ಅಂಗಳಕ್ಕೆ ಎಣ್ಣೆ ಸೋರಿದ್ದು ನಮ್ಮ ವಂಶದಲ್ಲಿ ಇದೇ ಮೊದಲು.

ಅಣ್ಣ ಹೆಸರು ಓದಿದ. ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿ, "ಉಬ್ಬಿದ ಕಾಗದದ ಮ್ಯಾಲ ಎಣ್ಣಿ ನಿಲ್ಲತೈತೇನ್ಲೇ" ಎಂದು ಬೈದು, ಒಳಗೆ ಹೋಗಿ ಟ್ರಂಕು ತೆಗೆದ. ನಾನು ವಿಜಯಪುರವನ್ನೆಲ್ಲ ಜಾಲಾಡಿಯೂ ಸಿಗದಿದ್ದ ಅದೇ ಕವರಿನ ಅಸಲಿ ಪ್ಯಾಕಿಂಗ್, ಹಳೇ ಪೇಪರಿನಲ್ಲಿ ಸುತ್ತಿ, ಇಪ್ಪತ್ತೆರಡು ವರ್ಷದಿಂದ ಅಲ್ಲಿತ್ತು. ನಾನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಅವನು ಅದೇ ಜೀಪಿನಲ್ಲಿ ನನ್ನ ಜೊತೆ ಬಂದು, ತಾನೇ ಕವರು ಕೆರೆದು ನುಣುಪು ಮಾಡಿದ; ತನ್ನ ಹೆಸರಿದ್ದ ನಾಲ್ಕು ಬೆರಳಿನಷ್ಟು ಕಾಗದವನ್ನು ಮಾತ್ರ ಎಣ್ಣೆ ಹಚ್ಚಿ ನೆನೆಸಿ, ಹರಿಯದಂತೆ ಬಿಡಿಸಿ ಜೇಬಿನಲ್ಲಿಟ್ಟುಕೊಂಡ. ಭಾನುವಾರ ಉಗುರಿನ ಕಪ್ಪು ಹೋಗದ ಕೈಯಲ್ಲೇ ಒಳಗೆ ಹೋಗಿ ಕೇಳಿದ, ಸುಮಯ್ಯಾ ಮೂರು ಸಲವೂ ಕುಬೂಲ್ ಎಂದಳು, ಸಂಜೆ ಅವನೇ ಕಾರು ಓಡಿಸಿಕೊಂಡು ಅವಳನ್ನು ಬಬಲೇಶ್ವರಕ್ಕೆ ಮುಟ್ಟಿಸಿದ.

ಇಷ್ಟಾದ ಮೇಲೂ ತಾವು ನಿಂತಿಲ್ಲ. ಮೊದಲಿನ ಹರಿವು ಕಡಿಮೆಯಾಗಿದೆ, ಆದರೆ ದಿನಕ್ಕೊಂದು ಬೀಳುತ್ತಿದ್ದೀರಿ; ಇಪ್ಪತ್ತೆರಡು ವರ್ಷ ಒಣಗಿದ ಪ್ಯಾಕಿಂಗ್ ಎಂದ ಮೇಲೆ ಅದೂ ಸಹಜವೇ, ಆದರೆ ಅದನ್ನು ಹೇಳುವ ಧೈರ್ಯ ಇಸಾಕನಿಗೂ ಇಲ್ಲ, ನನಗೂ ಇಲ್ಲ. ತಮ್ಮನ್ನು ನಿಲ್ಲಿಸದೆ ನಿಡೋಣಿಗೆ ಹೋಗುವುದಿಲ್ಲವೆಂದು ಅಣ್ಣ ಕುಳಿತಿದ್ದಾನೆ, ಇವತ್ತಿಗೆ ಹನ್ನೆರಡು ದಿನ. ಕಾರಿನ ಕೆಳಗೆ ಮಲಗಿ "ಲೇ ಲಾಡ್ಯಾ, ಹದಿನಾಲ್ಕರ ಪಾನಾ ಕೊಡು" ಎನ್ನುತ್ತಾನೆ; ನಾನು ಹದಿಮೂರರ ಸ್ಪ್ಯಾನರು ಕೊಟ್ಟು ಬೈಸಿಕೊಳ್ಳುತ್ತೇನೆ. ಅಪ್ಪ ಹೋದ ಮೇಲೆ ನನ್ನನ್ನು ಹಾಗೆ ಕರೆದವರು ಯಾರೂ ಇಲ್ಲ, ಮಗಳಿಲ್ಲದ ಈ ಮನೆಯಲ್ಲಿ ಆ ಬೈಗುಳ ನನಗೆ ಹಿತವಾಗಿದೆ.

ಆದಕಾರಣ ಮಾನ್ಯರು ಈ ದೂರನ್ನು ಸಂಪೂರ್ಣವಾಗಿ ಪರಿಶೀಲಿಸಿ, ಇದರ ಮೇಲೆ ಯಾವುದೇ ಕ್ರಮ ಕೈಗೊಳ್ಳಬಾರದೆಂದು ವಿನಂತಿ. ದಿನಕ್ಕೊಂದರಂತೆ, ಅಣ್ಣ ಎದ್ದು ನೋಡುವ ಹೊತ್ತಿಗೆ ಸರಿಯಾಗಿ, ರಜಾದಿನಗಳಲ್ಲಿಯೂ ಬೀಳುತ್ತಿರಬೇಕು. ಅವನು ಪಾನಾ ತಿರುಗಿಸುವಾಗ ಸ್ವಲ್ಪ ಹೊತ್ತು ನಿಂತು ಅವನ ಮರ್ಯಾದೆ ಕಾಯಬೇಕು. ಮುಮತಾಜಳಿಗೆ ಬೇರೆ ತಟ್ಟೆ ಕೊಂಡು ಕೊಟ್ಟಿದ್ದೇನೆ, ಹಳೆಯದು ಇನ್ನು ತಮ್ಮದೇ.

ಹನಿ ಕಾಯುತ್ತ ಕುಕ್ಕರುಗಾಲಿನಲ್ಲಿ ಕುಳಿತಿರುವ,
ತಮ್ಮ ವಿಶ್ವಾಸಿ,
ಲಾಡಲೇಸಾಬ
ತಿಕೋಟಾ

ತಾ.ಕ.: ಮದುವೆಯ ದಿನ ಬಬಲೇಶ್ವರದ ಬೀಗರ ಅಂಗಳದ ಹೊಸ ಫರಸಿ ಕಲ್ಲಿನ ಮೇಲೆ ತಾವು ಒಂದು ಬಿದ್ದದ್ದನ್ನು ಎಲ್ಲರೂ ನೋಡಿದರು. ಅದು ಏಸಿಯ ನೀರು ಎಂದು ಅಣ್ಣ ಬೀಗರಿಗೆ ತಿಳಿಸಿದ. 1954ರ ಆ ಕಾರಿನಲ್ಲಿ ಕೂತವರಿಗೆ ಒಂದು ಫ್ಯಾನೂ ಇಲ್ಲ. ಸಾಕ್ಷಿಗೆಂದು ಅವನು ನನ್ನ ಕಡೆ ತಿರುಗಿದಾಗ ಹೌದೆಂದು ನಾನೇ ತಲೆಯಾಡಿಸಿ, ತಮ್ಮ ಮೇಲೆ ಕಾಲಿಟ್ಟು ನಿಂತೆ. ಅದಕ್ಕಾಗಿ ಕ್ಷಮೆ ಇರಲಿ.