ಮುಕ್ಕೊಂಬನಿಗೆ ಸಿಕ್ಕ ಮರ್ಯಾದೆ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಇಸ್ಪೀಟು ಆಡುವವನನ್ನು ಊರು ಕ್ಷಮಿಸುತ್ತದೆ, ಕುಡಿಯುವವನನ್ನೂ ಕರೆದು ಮಾತಾಡಿಸುತ್ತದೆ. ಸತ್ತು ಕೋಟ್ಯಂತರ ವರ್ಷವಾದ ಪ್ರಾಣಿಯ ಗೊಂಬೆ ಮಾಡುವವನನ್ನು ಮಾತ್ರ ಏನು ಮಾಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ.

ಐವತ್ತರ ದಶಕದ ಕೊನೆ. ನಾನು ಶಿಕಾರಿಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಶಿವಮೊಗ್ಗಕ್ಕೆ ಟ್ರೈನಿಂಗಿಗೆ ಹೋದಾಗ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಆ ಪ್ರಾಣಿಯ ಚಿತ್ರ ಕಂಡಿದ್ದೆ. ಹುಬ್ಬಿನ ಮೇಲೆ ಎರಡು ಕೊಂಬು, ಮೂಗಿನ ಮೇಲೊಂದು, ಕತ್ತಿನ ಸುತ್ತ ಮೊರದಂಥ ಎಲುಬು. ನೋಡಿದ್ದೇ ತಡ, ಹುಚ್ಚು ಹಿಡಿಯಿತು. ತಂತಿ ಬಿಗಿದು, ಗಾರೆಗೆ ಇದ್ದಿಲು ಪುಡಿ ಬೆರೆಸಿ, ಒಂದೂವರೆ ವರ್ಷ ಮೆತ್ತಿ ಮೆತ್ತಿ ಎಳೆಗರುವಿನ ಗಾತ್ರದ್ದೊಂದನ್ನು ಮಾಡಿದೆ. ಮುಕ್ಕೊಂಬ ಎಂದು ಹೆಸರಿಟ್ಟೆ. ನನಗೆ ಬೇಕಿದ್ದುದು ಒಂದೇ. ಯಾರಾದರೂ ಒಬ್ಬರು ನೋಡಿ, “ಮೇಷ್ಟ್ರೇ, ಚೆನ್ನಾಗಿ ಮಾಡಿದೀರಿ” ಅನ್ನಬೇಕು.

ಸುಳಿ

ಊರಲ್ಲಿ ಕೃಷಿ ವಸ್ತುಪ್ರದರ್ಶನ ಏರ್ಪಾಡಾಯಿತು. ಕಲೆಯ ಮೇಜಿನ ತುಂಬ ಕಸೂತಿ ಹಾಕಿದ ದಿಂಬಿನ ಚೀಲಗಳಿದ್ದವು. ಅಲ್ಲಿ ಜಾಗವಿಲ್ಲವೆಂದು ಮುಕ್ಕೊಂಬನನ್ನು ಜಾನುವಾರುಗಳ ಸಾಲಿಗೆ ಕಳಿಸಿದರು. ಒಂದು ಕಡೆ ಹೋರಿ, ಇನ್ನೊಂದು ಕಡೆ ಎಮ್ಮೆ, ನಡುವೆ ನಮ್ಮವನು.

ಹೆಗಲ ಮೇಲೆ ಟವೆಲ್ ಹಾಕಿಕೊಂಡ ರೈತನೊಬ್ಬ ಬಂದು ಮುಕ್ಕೊಂಬನ ಸುತ್ತ ತಿರುಗಿ ನೋಡಿದ. ಬೆನ್ನು ನೋಡಿದ, ಹಣೆ ನೋಡಿದ, ಬಗ್ಗಿ ಹೊಟ್ಟೆಯ ಅಡಿಯನ್ನೂ ನೋಡಿದ. ಕಡೆಗೂ ಒಬ್ಬ ರಸಿಕ ಸಿಕ್ಕ ಅಂದುಕೊಂಡೆ.

“ಇದ್ಕೆ ಸುಳೀನೇ ಇಲ್ವಲ್ರೀ ಮೇಷ್ಟ್ರೇ,” ಅಂದ. “ಸುಳಿ ನೋಡ್ದೆ ದನ ಹೆಂಗ್ ತಗಳಾದು?”

“ಇದು ದನ ಅಲ್ಲಪ್ಪ. ಈ ಜಾತಿಯೇ ಭೂಮಿ ಮೇಲಿಂದ ಅಳಿದುಹೋಗಿದೆ.”

ಆತ ಮುಕ್ಕೊಂಬನ ಕುತ್ತಿಗೆಯ ಎಲುಬನ್ನು ಕನಿಕರದಿಂದ ತಟ್ಟಿದ. “ಅಳೀದೆ ಇನ್ನೇನ್ರೀ? ಇಲ್ಲಿ ಇಂಥದ್ದೊಂದು ಮೊರ ಇಟ್ಕಂಡ್ರೆ ನೊಗ ಎಲ್ಲಿ ಇಡಾದು?”

ಸಂಜೆ ತೀರ್ಪುಗಾರರು ಎಲ್ಲರಿಗೂ ಚೀಟಿ ಹಚ್ಚಿಕೊಂಡು ಬಂದರು. ಹೋರಿಗೆ ಮೊದಲ ಬಹುಮಾನ. ಮುಕ್ಕೊಂಬನ ಚೀಟಿಯಲ್ಲಿ ಬರೆದಿತ್ತು: “ತಳಿ ಸುಧಾರಣೆ ಅಗತ್ಯ.”

ಬಚ್ಚಲ ಹಿಂದೆ

ಮನೆಯೊಳಗೆ ಅವನನ್ನು ಬಿಟ್ಟುಕೊಳ್ಳಲು ನನ್ನ ಹೆಂಡತಿ ಒಪ್ಪಲಿಲ್ಲ. ಬಚ್ಚಲ ಹಿಂದೆ ನಿಲ್ಲಿಸಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಎಡಗೊಂಬಿನಲ್ಲಿ ನನ್ನ ಬನೀನು, ಬಲಗೊಂಬಿನಲ್ಲಿ ಅವಳ ಲಂಗ, ಮೂಗಿನ ಕೊಂಬಿನಲ್ಲಿ ಮಸಿಬಟ್ಟೆ ಒಣಗುತ್ತಿದ್ದವು. ಬಚ್ಚಲ ನೀರು ದಿನಾ ಸಿಡಿದು ಸಿಡಿದು ಎರಡೇ ತಿಂಗಳಲ್ಲಿ ಮೈಯೆಲ್ಲ ಪಾಚಿ ಕಟ್ಟಿತು.

“ಏನೇ ಇದು?” ಎಂದು ಕೂಗಾಡಿದೆ.

“ಹಿಂಗಾದ್ರೂ ಉಪಯೋಗಕ್ಕೆ ಬರ್ಲಿ ಬಿಡ್ರೀ,” ಅಂದಳು.

ಆ ವಾರವೇ ಕುಪ್ಪಗಡ್ಡೆಯಿಂದ ಮಾವನವರು ಬಂದರು. ಮುಕ್ಕೊಂಬನನ್ನು ಬಹಳ ಹೊತ್ತು ನೋಡಿದರು. ನನಗೆ ಏನೂ ಹೇಳಲಿಲ್ಲ, ಅಳಿಯನೆಂಬ ಗೌರವ. ಒಳಗೆ ಹೋಗಿ ಮಗಳಿಗೆ ಹೇಳಿದ್ದು ನನಗೂ ಕೇಳಿಸಿತು: “ಅಲ್ಲ ಕಣೇ ಮಗಾ, ಲೋಕದಲ್ಲೇ ಇಲ್ದಿರೋ ಪ್ರಾಣಿ ಮಾಡಕ್ಕೆ ನಿನ್ನ ಗಂಡಂಗೆ ಪುರಸೊತ್ತು ಅದೆ. ಊರ್ ತುಂಬ ಇರೋ ಎಮ್ಮೇಲಿ ಒಂದು ತಂದು ಕಟ್ಟಕ್ಕೆ ಏನಾಗ್ಯದೆ?”

ಗುರುತು ಹಿಡಿದವರು

ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಹೆಡ್‌ಮಾಸ್ಟರ ಕೋಣೆಯ ಮುಂದೆ ನೆಲ ಕಿತ್ತು ಗುಂಡಿ ಬಿದ್ದಿತ್ತು. ಅದನ್ನು ಮರೆಮಾಡಲು ಏನಾದರೂ ಬೇಕಿತ್ತು. ಹಾಗಾಗಿ ಮುಕ್ಕೊಂಬನಿಗೆ ಆಹ್ವಾನ ಬಂತು.

ಇನ್‌ಸ್ಪೆಕ್ಟರು ಬಂದವರೇ ಅವನೆದುರು ನಿಂತುಬಿಟ್ಟರು. “ಇದು ಮನುಷ್ಯ ಹುಟ್ಟೋಕೆ ಎಷ್ಟೋ ಮುಂಚೆ ಇದ್ದ ಪ್ರಾಣಿ ಅಲ್ವೇನ್ರೀ?”

ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಕಾಲಿಗೆ ಬೀಳುವುದೊಂದು ಬಾಕಿ.

“ಎಷ್ಟು ದಿನ ಹಿಡೀತು?”

“ಒಂದೂವರೆ ವರ್ಷ ಸಾರ್!”

“ಸ್ಕೂಲಿನ ಕೆಲಸ?”

“ಎಲ್ಲೇ ಇದ್ರೂ ನನ್ನ ಧ್ಯಾನ ಎಲ್ಲಾ ಇದರ ಮೇಲೇ ಸಾರ್!”

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಮುಂದಿನ ತಿಂಗಳು ವರ್ಗದ ಆರ್ಡರು ಬಂತು. ಸೊರಬಕ್ಕೆ ಹೋಗಿ ಲೆಕ್ಕ ಹೇಳಿಕೊಡಬೇಕಂತೆ. ನನಗೆ ಮಗ್ಗಿ ಹದಿನಾರರ ಮೇಲೆ ಬರುವುದಿಲ್ಲ ಎಂಬುದನ್ನು ಮಾತ್ರ ಪಾಪ ಇನ್‌ಸ್ಪೆಕ್ಟರು ಗುರುತು ಹಿಡಿದಿರಲಿಲ್ಲ.

ಬಳ್ಳಿಗಾವಿಯ ಪಂಡಿತರು

ಪಾತ್ರೆ, ಹಾಸಿಗೆ, ಮುಕ್ಕೊಂಬ ಎಲ್ಲವನ್ನೂ ಎತ್ತಿನ ಗಾಡಿಗೆ ಹೇರಿ ಸೊರಬಕ್ಕೆ ಹೊರಟೆವು. ಬಳ್ಳಿಗಾವಿಯ ಹತ್ತಿರ ಗಾಡಿಯ ಅಚ್ಚು ಮುರಿಯಿತು. ಭಾರ ಇಳಿಸಲೇಬೇಕಾಯಿತು. ದೇವಸ್ಥಾನದ ಪಕ್ಕ ಒಡೆದ ಶಿಲ್ಪಗಳು ಬಿದ್ದಿದ್ದ ಕಡೆ ಮುಕ್ಕೊಂಬನನ್ನು ನಿಲ್ಲಿಸಿ, ಬಡಗಿಯನ್ನು ಹುಡುಕಿಕೊಂಡು ಹೋದೆ.

ವಾಪಸು ಬರುವ ಹೊತ್ತಿಗೆ ಕೋಟು ತೊಟ್ಟ ಪಂಡಿತರೊಬ್ಬರು ಶಿಷ್ಯರನ್ನು ಸುತ್ತ ನಿಲ್ಲಿಸಿಕೊಂಡು ಅವನ ಮುಂದೆ ಭಾಷಣ ಮಾಡುತ್ತಿದ್ದರು. “ಯಾರೂ ಮುಟ್ಟಬೇಡಿ. ದೂರದಿಂದಲೇ ನೋಡಿ. ಮೂರು ಕೊಂಬಿನ ಸಿಂಹ! ಎಲ್ಲೂ ಸಿಕ್ಕಿಲ್ಲ. ಈ ಪಾಚಿ ನೋಡಿ, ಶತಮಾನಗಳದ್ದು. ಎಂಥ ಕೈ! ಇಂಥ ಕೈ ಈಗ ಯಾರಿಗಿದೆ?”

ಅಷ್ಟು ವರ್ಷ ಕಾದಿದ್ದ ಮಾತು. ಮುಂದೆ ಹೋಗಿ, “ಸಾರ್, ಅದನ್ನು ಮಾಡಿದ್ದು ನಾನೇ,” ಅಂದೆ. “ಆ ಪಾಚಿ ನಮ್ಮ ಬಚ್ಚಲದ್ದು.”

ಅವರು ನನ್ನ ಚಪ್ಪಲಿಯಿಂದ ಟೋಪಿಯವರೆಗೆ ನೋಡಿದರು. “ನೋಡಿ,” ಎಂದು ಶಿಷ್ಯರಿಗೆ ಹೇಳಿದರು, “ದೇಶದ ವಿಗ್ರಹಗಳೆಲ್ಲ ಹೀಗೇ ಕಳವಾಗೋದು.”

ಊರ ಪಟೇಲರನ್ನು ಕರೆಸಿದರು. ಹೆಂಡತಿಯನ್ನು ಸಾಕ್ಷಿ ಕೇಳಿದರು. ಬಟ್ಟೆ ಒಣಹಾಕಲು ಸೊರಬದಲ್ಲಿ ಹಗ್ಗವೇ ಸಾಕೆಂದು ಆಕೆ ಆಗಲೇ ತೀರ್ಮಾನಿಸಿದ್ದಳು. “ನಂಗೇನೂ ಗೊತ್ತಿಲ್ರೀ,” ಅಂದಳು. ಮುಕ್ಕೊಂಬ ಅಲ್ಲೇ ಉಳಿದ. ಪೊಲೀಸರಿಗೆ ಹೇಳದೆ ಬಿಟ್ಟದ್ದಕ್ಕೆ ನಾನೇ ಪಟೇಲರಿಗೆ ಕೈಮುಗಿದು ಗಾಡಿ ಹತ್ತಿದೆ.

ಮರುವರ್ಷ ಆ ಕಡೆ ಹೋದಾಗ ತಡೆಯಲಾಗದೆ ನೋಡಲು ಹೋದೆ. ಸುತ್ತ ಮುಳ್ಳುಬೇಲಿ ಹಾಕಿದ್ದರು. ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಅವನ ಮೂಗಿನ ಕೊಂಬನ್ನು ಸವರಿದೆ. ಕಾವಲಿನವನು ಓಡಿ ಬಂದ.

“ಮುಟ್ಬ್ಯಾಡ್ರೀ ಸ್ವಾಮೀ, ದೂರ ಸರೀರಿ! ಅದನ್ನ ಮಾಡಿದೋನು ಸತ್ತು ಸಾವಿರ ವರ್ಷ ಆಗೈತಿ.”

ಹೌದಪ್ಪ ಎಂದು ದೂರ ಸರಿದೆ.