ಹಾಡಿನ ನಿಜಪ್ರತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಹುಟ್ಟುವ ಹೆಣ್ಣುಮಕ್ಕಳಿಗೆ ಸಿನಿಮಾ ಹಾಡಿನಿಂದ ಹೆಸರು ಆರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹಾಡು ಮಾತ್ರ ದೃಢೀಕೃತವಾಗಿರಬೇಕು. ಇದಕ್ಕಾಗಿಯೇ ಕೊಟ್ಟೂರಿನಲ್ಲಿ ನಾಮ ದೃಢೀಕರಣ ಕಚೇರಿ ಇದೆ. ಅದು ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತದೆ, ಊಟಕ್ಕೆ ಮುಚ್ಚುತ್ತದೆ, ಊಟವಾದ ಮೇಲೆ ತೆರೆದರೂ ತೆರೆಯಬಹುದು.

ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಹರಪನಹಳ್ಳಿ ಕಡೆಯ ದಂಪತಿ, ಹಾಡೊಂದರಲ್ಲಿ ಕೇಳಿದ್ದೇವೆಂದು ಮಗಳಿಗೆ ‘ಮಧುರಲಾ’ ಎಂದು ಹೆಸರು ಬರೆಸಿದರು. ಆಮೇಲೆ ವಿಚಾರಿಸಿದರೆ ಹಾಡಿನಲ್ಲಿದ್ದದ್ದು ‘ಮಧುರ’ ಮಾತ್ರ, ‘ಲಾ’ ಎಂಬುದು ಆಲಾಪ. ಸರ್ಕಾರಿ ದಾಖಲೆಯೊಳಗೆ ಆಲಾಪ ನುಸುಳಿತೆಂದು ಮೇಲಿನಿಂದ ನೋಟಿಸು ಬಂತು. ಅಂದಿನಿಂದ ಹಾಡನ್ನು ಪೂರ್ತಿ ಪರಿಶೀಲಿಸದೆ ಹೆಸರು ಕೊಡುವುದಿಲ್ಲ. ಮಗು ಹುಟ್ಟಿದ ತೊಂಬತ್ತು ದಿನದೊಳಗೆ ಹಾಡು ದೃಢೀಕರಣವಾಗದಿದ್ದರೆ, ಕಚೇರಿಯ ಕಾಯ್ದಿರಿಸಿದ ಪಟ್ಟಿಯಲ್ಲಿ ಮುಂದಿನ ಹೆಸರು ಯಾವುದಿದೆಯೋ ಅದನ್ನು ಮಗುವಿಗೆ ಕೊಡಲಾಗುತ್ತದೆ. ಪಟ್ಟಿಯನ್ನು ಹಳೆಯ ಯೋಜನೆಗಳ ಕಡತಗಳಿಂದ ಆಯ್ದು ಮಾಡಿದ್ದು. ಹೊಸಹಳ್ಳಿಯ ಒಂದು ಕೂಸಿಗೆ ‘ಜಲಾನಯನಾ’ ಸಿಕ್ಕಿ, ತಂದೆತಾಯಿ ಪೇಢೆ ಹಂಚಿದ್ದರು. ಅದರ ಮುಂದಿನ ಹೆಸರು ‘ಫಲಾನುಭವಿ’.

ಹಂಪಸಾಗರದ ಹಂಪೇಶನಿಗೆ ಇದೊಂದೂ ಗೊತ್ತಿರಲಿಲ್ಲ. ಅವನದು ಮನೆಗೆ ಹೊಂದಿಕೊಂಡ ಹಿಟ್ಟಿನ ಗಿರಣಿ. ಹದಿನಾಲ್ಕು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪಿನ ಡಬ್ಬಿ ಹಿಡಿದು ಬರುವಂಥ ದನಿ. ಹೆಂಡತಿ ಶೈಲಾ ಚೊಚ್ಚಲ ಹೆರಿಗೆಗೆಂದು ತವರೂರು ಮಾಗಳಕ್ಕೆ ಹೋಗಿದ್ದಳು. ಬೇನೆ ಬಂದಾಗ ಆಂಬುಲೆನ್ಸಿನಲ್ಲಿ ಹಡಗಲಿಗೆ ಹೊರಟರು. ಡ್ರೈವರನ ಮೊಬೈಲಿನ ರಿಂಗ್‌ಟೋನು ಆ ವರ್ಷ ಬಸ್ಸು, ಮದುವೆ, ಬೋರ್‌ವೆಲ್ ಲಾರಿ ಎಲ್ಲೆಡೆ ಮೊಳಗುತ್ತಿದ್ದ ‘ಕಿಂಕಿಣಿ ಬಾರೇ ಕಿಂಕಿಣಿ’ ಎಂಬ ಹಾಡು. ಟೊಮೆಟೊ ತರುವುದನ್ನು ಮರೆಯದಿರಲೆಂದು ಡ್ರೈವರನ ಹೆಂಡತಿ ದಾರಿಯುದ್ದಕ್ಕೂ ಹನ್ನೊಂದು ಸಲ ಫೋನು ಮಾಡಿದಳು. ಗಾಡಿ ಓಡಿಸುವಾಗ ಫೋನು ಎತ್ತಬಾರದೆಂಬ ಕಾನೂನಿಗೆ ತಲೆಬಾಗಿ ಅವನು ಹನ್ನೊಂದು ಸಲವೂ ಎತ್ತಲಿಲ್ಲ. ಶೈಲಾ ಪ್ರತಿ ಸಲವೂ ಹಾಡಿಗೆ ಕಿವಿಗೊಟ್ಟು ಬೇನೆ ತಡೆದುಕೊಂಡಳು. ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಗೆ ಹೆಣ್ಣುಕೂಸು ಹುಟ್ಟಿತು.

“ಈಕಿ ಹೆಸರು ಕಿಂಕಿಣಿ,” ಎಂದಳು ಶೈಲಾ, ನೋಡಲು ಬಂದ ಗಂಡನಿಗೆ. “ಆ ಹಾಡು ಇರಲಿಲ್ಲಂದ್ರ ನಾ ದಾರ್ಯಾಗ ಹೋಗಿಬಿಡ್ತಿದ್ದೆ.”

ಹಂಪೇಶನ ತಾಯಿ ಕಲ್ಯಾಣಮ್ಮ ಮೂಗು ಮುರಿದಳು. “ಹಾಡಿಂದೇನೈತಿ. ಈ ವರ್ಷ ಒಂದು, ಬರೋ ವರ್ಷ ಇನ್ನೊಂದು. ಆವಾಗ ಕೂಸಿನ ಹೆಸರೂ ಬದಲಿ ಮಾಡ್ತೀರೇನು?” ಬಾಣಂತಿಯೊಡನೆ ವಾದ ಬೇಡವೆಂದು ಅಷ್ಟಕ್ಕೇ ಬಿಟ್ಟಳು.

ತೊಟ್ಟಿಲಿಗೆ ಹಾಕುವ ಮೊದಲು ಹೆಸರು ಕಾಗದದಲ್ಲಿ ಬರಲಿ ಎಂದು ಹಂಪೇಶ ಕೊಟ್ಟೂರಿನ ಬಸ್ಸು ಹತ್ತಿದ. ಕಚೇರಿಯ ಗುಮಾಸ್ತ ಬೊಮ್ಮಪ್ಪ ಅರ್ಜಿ ತಿರುವಿ ಹಾಕಿ, “ಹಾಡು ತಂದೀರೇನ್ರಿ?” ಎಂದು ಕೇಳಿದ.

ಹಂಪೇಶ ಮೊಬೈಲಿನಲ್ಲಿ ಹಾಡು ಹಚ್ಚಿದ. ಬೊಮ್ಮಪ್ಪ ಮೇಜಿನ ಮೇಲೆ ತಾಳ ಹಾಕುತ್ತ ಕೊನೆಯವರೆಗೂ ಕೇಳಿದ. “ಚಲೋ ಐತ್ರಿ. ಆದ್ರ ಇದು ನಕಲು. ಅಸಲು ತರ್ರಿ.”

“ಹಾಡಿನ ಅಸಲು ಅಂದ್ರ ಏನ್ರಿ?”

“ಬಾಯಿ. ಹಾಡಿದವರು ಖುದ್ದು ಬಂದು ಹಾಡಬೇಕು.”

“ಅವರು ದೊಡ್ಡ ಗಾಯಕ್ರು. ಕೊಟ್ಟೂರಿಗೆ ಯಾಕ ಬರ್ತಾರ್ರಿ?”

“ಬರಂಗಿಲ್ಲ. ಅದು ಸರ್ಕಾರಕ್ಕೂ ಗೊತ್ತೈತಿ. ಅದಕ್ಕ ಅರ್ಜಿದಾರ ತಂದಿ ಬುಧವಾರ ಹನ್ನೊಂದು ಗಂಟೆಗೆ ಮೇಡಮ್ಮೋರ ಮುಂದ ತಾನ ಹಾಡಬಹುದು ಅಂತ ವಿನಾಯಿತಿ ಕೊಟ್ಟಾರ.”

ವಿನಾಯಿತಿ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಹಂಪೇಶ ಕೈಮುಗಿದು ಬಂದ.

ನಾಮ ದೃಢೀಕರಣಾಧಿಕಾರಿ ಶಾಂತಕುಮಾರಿ ಮೇಡಂ ಲಂಚ ಮುಟ್ಟದವರು, ನಿಯಮ ಬಿಡದವರು. ಅವರ ಕೋಣೆಯಲ್ಲಿ ಹಾಡುವವರಿಗೆಂದು ನೆಲದ ಮೇಲೆ ಒಂದು ಚೌಕ ಬರೆದಿತ್ತು. ಬುಧವಾರ ಹಂಪೇಶ ಅದರೊಳಗೆ ನಿಂತು, ಕಣ್ಣುಮುಚ್ಚಿ, ಮನೆದೇವರನ್ನು ನೆನೆದು ಬಾಯಿ ತೆರೆದ. ಮೇಜಿನ ಮೇಲಿದ್ದ ಚಹಾದ ಲೋಟ ಎರಡು ಅಂಗುಲ ಸರಿಯಿತು. ಪಕ್ಕದ ಕಚೇರಿಯವರು ಬೆಂಕಿ ಬಿದ್ದಿತೆಂದು ಕಡತ ಬಿಟ್ಟು, ಊಟದ ಡಬ್ಬಿ ಹಿಡಿದು ಹೊರಗೆ ಓಡಿದರು. ಮೇಡಂ ತಾಳ್ಮೆಯಿಂದ ಪೂರ್ತಿ ಕೇಳಿ, ಅರ್ಜಿಯ ಅಂಚಿನಲ್ಲಿ ಬರೆದರು: “ಅರ್ಜಿದಾರರು ಕೂಗಿದ್ದು ಹೌದು. ಹಾಡಿದ್ದು ಕಂಡುಬಂದಿಲ್ಲ.”

ಮುಂದಿನ ಬುಧವಾರ ಮೇಡಂ ಮೀಟಿಂಗಿಗೆ ಹೋಗಿದ್ದರು. ಅದರ ಮುಂದಿನ ಬುಧವಾರ ಹಾಡಿದ್ದಕ್ಕೆ, ಎರಡನೆಯ ಸಾಲಿನಲ್ಲಿ ಶ್ರುತಿ ತಾಲ್ಲೂಕಿನ ಗಡಿ ದಾಟಿದೆ ಎಂದು ಷರಾ ಬಂತು. ಹೀಗೆ ಬುಧವಾರಗಳು ಕಳೆದವು. ತೊಟ್ಟಿಲ ಶಾಸ್ತ್ರ ಹೆಸರಿಲ್ಲದೆಯೇ ಮುಗಿಯಿತು. ಶೈಲಾ ಕೂಸನ್ನು ಎತ್ತಿಕೊಂಡು ಹಂಪಸಾಗರಕ್ಕೆ ಬಂದಳು. ಮನೆಯವರೆಲ್ಲ ಕೂಸಿಗೆ ‘ಅರ್ಜಿ’ ಎನ್ನತೊಡಗಿದ್ದರು. ಅರ್ಜಿ ಮಲಗೇತಿ, ಅರ್ಜಿ ಹಾಲು ಕುಡೀತು.

ಎಂಬತ್ತೆರಡನೆಯ ದಿನ, ಮತ್ತೊಂದು ಷರಾ ಹಿಡಿದು ಹೊರಬಂದ ಹಂಪೇಶನನ್ನು ಕಚೇರಿಯೆದುರಿನ ಜೆರಾಕ್ಸ್ ಅಂಗಡಿಯ ಪಕ್ಕದಿಂದ ಒಬ್ಬ ಕರೆದ. ಬೆಂಚು, ಹಾರ್ಮೋನಿಯಂ, ಒಂದು ಬೋರ್ಡು: “ಎಲ್ಲಾ ತರದ ಹಾಡುಗಳನ್ನು ಹಾಡಿಕೊಡಲಾಗುವುದು. ದುರುಗೇಶ್, ಬೊಮ್ಮಪ್ಪನವರ ಅಳಿಯ.”

“ಎಂಟುನೂರು ರೂಪಾಯಿ ಕೊಡ್ರಿ ಅಣ್ಣಾ, ನಾ ಹಾಡ್ತೀನಿ,” ಎಂದ ದುರುಗೇಶ್. “ಇದೊಂದು ಸ್ಟಾಂಪ್ ಪೇಪರಿಗೆ ಸಹಿ ಮಾಡ್ರಿ, ಸಾಕು.”

ಪೇಪರಿನಲ್ಲಿ ಹೀಗಿತ್ತು: “ಸದರಿ ಮಗುವಿಗೆ, ಹಾಡಿನ ಮಟ್ಟಿಗೆ ಮಾತ್ರ, ಬುಧವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂ ಹತ್ತರವರೆಗೆ ದುರುಗೇಶ್ ಎಂಬವರೇ ತಂದೆ ಎಂದು ಈ ಮೂಲಕ ಒಪ್ಪಿರುತ್ತೇನೆ.”

ಹಂಪೇಶ ಎರಡು ಸಲ ಓದಿದ. “ಇದು ಸರಿ ಬರಂಗಿಲ್ಲಲ್ಲೋ ತಮ್ಮಾ.”

“ಹತ್ತು ನಿಮಿಷ ಅಷ್ಟ. ಈ ಸಾಲಿನಾಗ ನಾ ಐವತ್ತಮೂರು ಕೂಸಿಗೆ ತಂದಿ ಆಗೀನಿ. ಒಬ್ಬರೂ ಬ್ಯಾಸರ ಮಾಡಿಕೊಂಡಿಲ್ಲ. ಹನ್ನೊಂದೂ ಹತ್ತಕ್ಕ ವಾಪಸ್ ಕೊಡ್ತೀನಿ, ರಸೀತಿನೂ ಐತಿ.”

ಹಂಪೇಶ ಪೆನ್ನು ತೆಗೆದ. ತೆಗೆದವನಿಗೆ ಆ ಬೆಳಿಗ್ಗೆಯ ನೆನಪಾಯಿತು. ಹೊರಡುವಾಗ ಕೂಸು ಅವನ ಹಿಟ್ಟು ಹತ್ತಿದ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬಿಡಿಸಿಕೊಳ್ಳಲು ಹೋದರೆ ಒಂದು ಸಲ ಸೀನಿ, ಮತ್ತೆ ಹಿಡಿದುಕೊಂಡಿತ್ತು. ಅವನು ಪೆನ್ನಿನ ಮುಚ್ಚಳ ಹಾಕಿದ.

“ಹತ್ತು ನಿಮಿಷ ಭಾಳ ಆತು,” ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮರುದಿನ ಸಂಜೆ ಅವನು ಗಿರಣಿ ನಿಲ್ಲಿಸಿ ಹಾಡು ಕಲಿಯಲು ಕೂತ. ಜೋಳದ ಚೀಲ ಹಿಡಿದು ನಿಂತ ಹೆಂಗಸರು ಗೊಣಗಲಿಲ್ಲ, ಕೆಲವರು ಎಲ್ಲಿ ಎಳೆಯಬೇಕು ಎಲ್ಲಿ ಬಿಡಬೇಕು ಎಂದು ಹೇಳಿಕೊಟ್ಟರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ತನ್ನ ದನಿ ತನಗೇ ಕೇಳಿಸಿ ಹಂಪೇಶನಿಗೆ ಗಾಬರಿಯಾಯಿತು. ಅದನ್ನು ಎಷ್ಟು ತಗ್ಗಿಸಿದರೂ ಹಾಡಾಗಲಿಲ್ಲ, ಪಿಸುಮಾತಾಯಿತು. ರಾಗವೆಂಬುದು ಅವನ ಪಾಲಿಗೆ ಬಂದೇ ಇರಲಿಲ್ಲ.

“ಹೋಗಲಿ ಬಿಡೋ,” ಎಂದಳು ಕಲ್ಯಾಣಮ್ಮ. “ಫಲಾನುಭವಿ ಅಂದ್ರ ಏನು ಕೆಟ್ಟೈತಿ? ಫಲ ಐತಿ, ಅನುಭವ ಐತಿ. ನನ್ನ ಹೆಸರಿನಾಗ ಕಲ್ಯಾಣ ಐತಿ, ಏನಾತು?”

ಒಳಗೆ ಕೂಸು ಅಳತೊಡಗಿತು. ಶೈಲಾ ಅದನ್ನು ಹೆಗಲಿಗೆ ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಆ ಹಾಡನ್ನೇ ಸಣ್ಣಗೆ ಹಾಡಿದಳು. ಕೂಸು ಸುಮ್ಮನಾಯಿತು. ಜೋಳದ ಹೆಂಗಸರು ಚೀಲ ಕೆಳಗಿಟ್ಟು ಕಿವಿಗೊಟ್ಟರು. ಹಂಪೇಶ ಹೆಂಡತಿಯ ಮುಖವನ್ನೇ ನೋಡಿದ.

“ಬುಧವಾರ ನಾ ಬರ್ತೀನ್ರಿ,” ಎಂದಳು ಶೈಲಾ.

ಅದು ಎಂಬತ್ತೊಂಬತ್ತನೆಯ ದಿನ. ಕೂಸನ್ನೆತ್ತಿಕೊಂಡು ಚೌಕದೊಳಗೆ ನಿಂತ ಶೈಲಾಳನ್ನು ಬೊಮ್ಮಪ್ಪ ತಡೆದ. “ನಿಯಮದಾಗ ತಂದಿ ಅಂತ ಐತಿ ಮೇಡಂ.”

ಶಾಂತಕುಮಾರಿ ನಿಯಮದ ಪುಸ್ತಕ ತರಿಸಿ ಓದಿದರು. “ತಾಯಿ ಹಾಡಬಾರದು ಅಂತ ಎಲ್ಲೈತಿ?”

“ಎಲ್ಲೂ ಇಲ್ರಿ. ತಾಯಿ ಹಾಡ್ತಾಳ ಅನ್ನೋದು ನಿಯಮ ಬರೆದವರಿಗೆ ಹೊಳದಿಲ್ಲ.”

“ಹಂಗಾದ್ರ ಹಾಡಲಿ.”

ಶೈಲಾ ಹಾಡಿದಳು. ಆಂಬುಲೆನ್ಸಿನಲ್ಲಿ ಹಲ್ಲು ಕಚ್ಚಿ ಕೇಳಿದ್ದನ್ನು ಈಗ ಅವಸರವಿಲ್ಲದೆ, ಕೂಸಿನ ಬೆನ್ನು ತಟ್ಟುತ್ತ ಹಾಡಿದಳು. ಹೊರಗಿನ ಸಾಲಿನಲ್ಲಿದ್ದವರು ಕಿಟಕಿಗೆ ಬಂದು ನಿಂತರು. ದುರುಗೇಶನೂ ಹಾರ್ಮೋನಿಯಂ ಮುಚ್ಚಿಟ್ಟು ಬಂದ. ಹಾಡು ಮುಗಿದ ಮೇಲೂ ಮೇಡಂ ಕಣ್ಣು ತೆರೆಯಲಿಲ್ಲ. ಆಮೇಲೆ ಮೆಲ್ಲಗೆ, “ಇನ್ನೊಂದು ಸಲ ಹಾಡವ್ವ,” ಎಂದರು. ಶೈಲಾ ಇನ್ನೊಂದು ಸಲ ಹಾಡಿದಳು. ಬೊಮ್ಮಪ್ಪ ನಡೆದದ್ದನ್ನೆಲ್ಲ ನಡೆದಂತೆಯೇ ಬರೆದುಕೊಂಡ. ಮೇಡಂ ‘ನಿಜಪ್ರತಿ’ ಎಂಬ ಮೊಹರು ಒತ್ತಿ ಸಹಿ ಹಾಕಿದರು.

ಅರ್ಧ ಗಂಟೆಯಲ್ಲಿ ಪ್ರಮಾಣಪತ್ರ ಕೈಗೆ ಬಂತು. ಹೆಸರಿನ ಜಾಗದಲ್ಲಿ ಇದ್ದದ್ದು: “ಕಿಂಕಿಣಿ ಬಾರೇ ಕಿಂಕಿಣಿ (ಎರಡು ಸಲ)”.

ಹಂಪೇಶ ಕಿಟಕಿಗೆ ಹಿಂದಿರುಗಿದ. “ಸರ್, ‘ಬಾರೇ’ ಅನ್ನೋದು ಹೆಸರಲ್ರಿ, ಕರಿಯೋದು. ‘ಎರಡು ಸಲ’ ಅಂತೂ ಮೇಡಮ್ಮೋರು ಕೇಳಿದ್ದು.”

“ನಿಜಪ್ರತಿ ಆದ ಮ್ಯಾಲ ಒಂದಕ್ಷರ ಹೆಚ್ಚುಕಮ್ಮಿ ಆಗಂಗಿಲ್ರಿ,” ಎಂದ ಬೊಮ್ಮಪ್ಪ. “ತಿದ್ದುಪಡಿ ಬೇಕಂದ್ರ ಈ ಹೆಸರು ರದ್ದು ಮಾಡಬೇಕು. ಆಮ್ಯಾಲ ಹೊಸಾ ಅರ್ಜಿ, ಹೊಸಾ ಬುಧವಾರ. ನಾಳಿಗೆ ತೊಂಬತ್ತು ದಿನ.” ಎಂದವನು ಕಾಯ್ದಿರಿಸಿದ ಪಟ್ಟಿಯನ್ನು ತೆರೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

ಹಂಪೇಶ ಪ್ರಮಾಣಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಬಸ್ಸಿನಲ್ಲಿ ಅದನ್ನು ಓದಿದ ಶೈಲಾ ಹಗರಿಬೊಮ್ಮನಹಳ್ಳಿ ಬರುವವರೆಗೂ ನಕ್ಕಳು. ಮನೆಯಲ್ಲಿ ಕಲ್ಯಾಣಮ್ಮ ಮಾತ್ರ ಹೆಸರನ್ನು ಹೇಳಿಸಿಕೊಂಡು ಕೇಳಿ, “ಉದ್ದ ಐತಿ. ಆದ್ರ ಹೆಸರಿನಾಗ ಬಾ ಅನ್ನೋದು ಐತಿ, ಚಲೋ ಆತು,” ಎಂದಳು.

ಹುಡುಗಿ ಮೂರು ತುಂಬಿ ಅಂಗನವಾಡಿಗೆ ಹೋದಳು. ಅಲ್ಲಿಯ ಕಾರ್ಯಕರ್ತೆ ಕ್ರಾಂತಿ ದಾಖಲೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪ್ರಮಾಣಪತ್ರದಲ್ಲಿ ಇದ್ದಂತೆ ಹಾಜರಿ ಕೂಗುವಾಗ ಆ ಹೆಸರನ್ನು ಎರಡು ಸಲ ಕೂಗುತ್ತಿದ್ದಳು. ಹುಡುಗಿ ಎರಡು ಸಲವೂ ಎದ್ದು ನಿಂತು, “ಬಂದೀನ್ರಿ ಟೀಚರ್,” ಎನ್ನುತ್ತಿದ್ದಳು. ಇಲಾಖೆಯ ಮೊಬೈಲಿನಲ್ಲಿ ಹೆಸರು ಎರಡು ಸಾಲು ಕೂತಿತು. ಸಾಲಿಗೊಂದರಂತೆ ಎರಡು ಮೊಟ್ಟೆ ಬರತೊಡಗಿದವು. ಒಂದನ್ನು ಹುಡುಗಿ ತಿಂದು, ಇನ್ನೊಂದನ್ನು ಲಂಗದಲ್ಲಿ ಕಟ್ಟಿಕೊಂಡು ಅಜ್ಜಿಗೆ ತರುತ್ತಿದ್ದಳು. ಮಡಿವಂತಿಕೆಯ ಕಲ್ಯಾಣಮ್ಮ ಅದನ್ನು ಮುಟ್ಟದೆ ಪಕ್ಕದ ಮನೆಗೆ ಕೊಟ್ಟು, ಉಪ್ಪಿನ ಡಬ್ಬಿಯ ಋಣ ತೀರಿತು ಎಂದುಕೊಳ್ಳುತ್ತಿದ್ದಳು. ತಪಾಸಣೆಗೆ ಬಂದ ಮೇಲ್ವಿಚಾರಕಿ ಚಾಪೆಯ ಮೇಲೆ ಹತ್ತೊಂಬತ್ತು ಮಕ್ಕಳನ್ನೂ ಪುಸ್ತಕದಲ್ಲಿ ಇಪ್ಪತ್ತನ್ನೂ ಎಣಿಸಿ, “ಹಾಜರಾತಿ ಶ್ಲಾಘನೀಯ” ಎಂದು ಬರೆದು ಹೋದರು.

ಅದೇ ವರ್ಷ ಮಾಗಿಯಲ್ಲಿ ಹುಡುಗಿ ಜ್ವರ ಬಂದು ನಾಲ್ಕು ದಿನ ಮಲಗಿದಳು. ಐದನೆಯ ದಿನ ಇಲಾಖೆಯಿಂದ ನೋಟಿಸು ಬಂತು. ತಮ್ಮ ಮನೆಯ ಇಬ್ಬರು ಮಕ್ಕಳು ಸತತ ಗೈರುಹಾಜರಾಗಿದ್ದು, ಕೇಂದ್ರದ ಹಾಜರಾತಿ ಏಕಾಏಕಿ ಕುಸಿದಿರುವುದರಿಂದ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.

ಹಂಪೇಶ ಗಿರಣಿ ನಿಲ್ಲಿಸಿ, ಕಟ್ಟೆಯ ಮೇಲೆ ಕೂತು ಉತ್ತರ ಬರೆದ: “ಮಾನ್ಯರೇ, ಇಬ್ಬರಿಗೂ ಜ್ವರ ಬಂದಿತ್ತು. ದೊಡ್ಡವಳಿಗೆ ಸ್ವಲ್ಪ ಹೆಚ್ಚಿತ್ತು. ಇಬ್ಬರೂ ಸೋಮವಾರದಿಂದ ಬರುತ್ತಾರೆ.”

ಕಳಿಸುವ ಮುಂಚೆ ಒಮ್ಮೆ ನೋಡಲೆಂದು ಶೈಲಾಳ ಕೈಗೆ ಕೊಟ್ಟ. ಅವಳು ಮಲಗಿದ್ದ ಹುಡುಗಿಯ ಹಣೆ ಮುಟ್ಟಿ ನೋಡಿ, ಕಾಗದವನ್ನು ನಿಧಾನವಾಗಿ ಓದಿ, ವಾಪಸ್ಸು ಕೊಟ್ಟಳು.

“ಹೆಚ್ಚಿದ್ದು ಸಣ್ಣಾಕಿಗ್ರಿ,” ಎಂದಳು.

ಹಂಪೇಶ ಹೌದೆಂದು ತಲೆದೂಗಿ, ಹೊಡೆದುಹಾಕಿ, ಸರಿಯಾಗಿ ಬರೆದ.