ಚಂಪಾಬಾಯಿಯ ಒಂದೇ ಇಂಗ್ಲಿಷ್ ಶಬ್ದ

ಎಲ್ಲಕ್ಕೂ ಕಾರಣ ಆ ಬಿಳಿ ಅಂಗಿ. ದಾಳಿಂಬ ಊರಿನ ಸಂಜುಕುಮಾರ ಕನ್ಯೆ ನೋಡಲು ತುರೋರಿಗೆ ಹೊರಟಿದ್ದ. ಹಿಂದೆ ನೋಡಿದವರೆಲ್ಲ ಬೇಡವೆಂದಿದ್ದರು. ಇದೂ ತಪ್ಪಿದರೆ ತನ್ನ ಮದುವೆಯ ಆಸೆ ಬಿಟ್ಟಂತೆಯೇ ಎಂದು ಅಂಗಿಗೆ ಕಡಕ್ ಇಸ್ತ್ರಿ ಮಾಡಿಸಿ, ಗೋಣು ಅಲ್ಲಾಡಿಸದೆ ನಡೆಯುತ್ತಿದ್ದ.

ಜೊತೆಗೆ ಸೋದರತ್ತೆ ಚಂಪಾಬಾಯಿ. ಆಕೆಗೆ ಬರುತ್ತಿದ್ದದ್ದು ಒಂದೇ ಇಂಗ್ಲಿಷ್ ಶಬ್ದ, ಅಡ್ಜಸ್ಟ್. ಅದೊಂದರಿಂದಲೇ ಆಕೆ ಸಂಸಾರ ತೂಗಿಸಿದ್ದಳು. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಸುರಿದು ಅಡ್ಜಸ್ಟ್. ಸೀರೆಯವನ ದರ ಅರ್ಧಕ್ಕಿಳಿದರೆ ಅದೂ ಅಡ್ಜಸ್ಟ್. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಅಡ್ಜಸ್ಟ್, ಟೀವಿ ನಡುಗಿದರೆ ನೆತ್ತಿಗೊಂದು ಪೆಟ್ಟು ಕೊಟ್ಟು ಅಡ್ಜಸ್ಟ್. ಡಿಗ್ರಿ ಓದಿದ ಸಂಜುಕುಮಾರನ ಇಷ್ಟೊಂದು ಇಂಗ್ಲಿಷಿನಲ್ಲಿ ಒಂದು ಶಬ್ದವೂ ಹೀಗೆ ದುಡಿದದ್ದಿಲ್ಲ. ಅತ್ತೆಯೆಂದರೆ ಅವನಿಗೆ ನಿಜಕ್ಕೂ ಹೆಮ್ಮೆ. ಕಷ್ಟವೆಂದರೆ, ಅಡ್ಜಸ್ಟ್ ಆಗುವ ಪಾಳಿ ಮಾತ್ರ ಯಾವಾಗಲೂ ಅವನದು.

ಪಂಡಿತ ಎಂಬ ತರುಣ ಡ್ರೈವರನ ಆಟೋವನ್ನು ಪೂರ್ತಿ ತಮಗೇ ಎಂದು ಗೊತ್ತುಮಾಡಿದ್ದರು. ಆದರೆ ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಅತ್ತೆ ಹತ್ತಿಸಿಕೊಂಡಳು.

"ಅತ್ತೀ, ನಾವು ಸ್ಪೆಷಲ್ ಮಾಡೇವಲ್ಲ!"

"ಬಿಸಲಾಗ ನಿಂತಾರಪ್ಪ. ಜರಾ ಅಡ್ಜಸ್ಟ್ ಮಾಡ್ಕೋ."

ಬಾಳಮ್ಮ ಎಂಬಾಕೆ ಮಜ್ಜಿಗೆಯ ಕೊಡವನ್ನು ಅವನ ತೊಡೆಯ ಮೇಲಿಟ್ಟು ನಿಶ್ಚಿಂತಳಾದಳು. ಮುಂದಿನ ಸ್ಪೀಡ್ ಬ್ರೇಕರಿಗೆ ಅರ್ಧ ಕೊಡ ಅವನ ಎದೆಗೆ ಅಭಿಷೇಕವಾಯಿತು.

"ಬಿಳೀ ಅಂಗಿಗಿ ಬಿಳೀ ಮಜ್ಜಿಗಿ. ಎಲ್ಲಿ ಕಾಣ್ತದ? ಅಡ್ಜಸ್ಟ್ ಆಗ್ತದ ತಗೋ," ಎಂದಳು ಅತ್ತೆ.

ಕಾಣಲಿಲ್ಲ, ನಾರುತ್ತಿತ್ತು. ತುರೋರಿಯಲ್ಲಿ ಇಳಿದವನೇ ಅವನು ಕನ್ಯೆಯ ಮನೆಯ ಹಿತ್ತಲಿನ ನಲ್ಲಿಗೆ ಓಡಿದ. ಅತ್ತೆ ಹೆಂಗಸರ ಜೊತೆ ಅಡುಗೆಮನೆ ಸೇರಿದಳು. ಕನ್ಯೆಯ ತಂದೆ ಗುರುಲಿಂಗಪ್ಪ ಹೊರಬಂದು ನೋಡಿದರೆ, ಹಣೆತುಂಬ ವಿಭೂತಿ, ಮಡಿ ಅಂಗಿಯ ಪಂಡಿತ ನಿಂತಿದ್ದಾನೆ. ಕಳಿಸಿದ್ದ ಫೋಟೋದಲ್ಲಿ ಸ್ಟುಡಿಯೋದವರು ಸಂಜುಕುಮಾರನನ್ನು ಎಷ್ಟು ತೊಳೆದು ಬೆಳ್ಳಗೆ ಮಾಡಿದ್ದರೆಂದರೆ, ಆ ಮುಖ ಯಾರಿಗಾದರೂ ಹೊಂದುತ್ತಿತ್ತು.

"ಹೊರಗ್ಯಾಕ ನಿಂತೀರಿ? ಒಳಗ ಬರ್ರಿ!" ಎಂದು ಅವನಿಗೆ ಮಾತಾಡಲು ಬಿಡದೆ ಕೈ ಹಿಡಿದು ಸೋಫಾದ ನಡುವೆ ಕೂರಿಸಿದರು.

ಸಂಜುಕುಮಾರ ನೀರು ಸೋರುವ ಅಂಗಿಯಲ್ಲಿ ಬಂದ.

"ಡ್ರೈವರ್ ಏನಪಾ? ಅಲ್ಲೇ ಬಾಗಲದಾಗ ಜರಾ ಅಡ್ಜಸ್ಟ್ ಆಗು," ಎಂದರು ಗುರುಲಿಂಗಪ್ಪ.

ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವನು ರೂಢಿಯಂತೆ ಬಾಗಿಲಲ್ಲೇ ಕುಳಿತುಬಿಟ್ಟ. ಬಾಯಿ ತೆರೆಯುವಷ್ಟರಲ್ಲಿ ಕನ್ಯೆ ವಿದ್ಯಾವತಿ ಚಹಾ ತಂದಳು. ಪಂಡಿತ ಎದ್ದು, "ಕೊಡ್ರಿ, ನೀವ್ಯಾಕ ತ್ರಾಸ ತಗೋತೀರಿ," ಎಂದು ತಾಟು ಇಸಿದುಕೊಂಡ. ಹುಡುಗಿಯ ಮುಖ ಅರಳಿತು.

ಆಗ ಹೊರಬಂದ ಅತ್ತೆ ಕಿರುಚಿದಳು. "ಅಯ್ಯಯ್ಯ, ವರ ಬಾಗಲದಾಗ ಕುಂತಾನಲ್ರೀ!"

ಗುರುಲಿಂಗಪ್ಪ ಬೆವೆತರು. ವಿದ್ಯಾವತಿ ಮಾತ್ರ ಮೆಲ್ಲಗೆ, "ಅಪ್ಪಾ, ನನಗ ಇವ್ರೇ ಪಸಂದ ಆಗ್ಯಾರ," ಎಂದು ಪಂಡಿತನತ್ತ ನೋಡಿದಳು. ಪಂಡಿತ ನಾಚಿ ನೆಲ ನೋಡಿದ.

ಸಂಜುಕುಮಾರ ಅತ್ತೆಯನ್ನೇ ನೋಡಿದ. ಈ ಕಗ್ಗಂಟು ಬಿಡಿಸುವ ಶಕ್ತಿ ಇದ್ದರೆ ಈ ಮಹಾತಾಯಿಗೇ ಇರಬೇಕು.

"ನೀ ಯಾರ ಪೈಕಿ ತಮ್ಮಾ?" ಎಂದು ಆಕೆ ಪಂಡಿತನನ್ನು ಕೇಳಿದಳು.

"ಯೆಣೆಗೂರ ಶಿವಕಾಂತಮ್ಮನ ಮಗರೀ."

"ಅಯ್ಯ, ನಮ್ಮ ಬೀಗರೇ ಆದ್ರಿ!" ಅತ್ತೆಯ ಮುಖದ ಗಂಟು ಸಡಿಲಾಯಿತು. ಆಕೆ ಮೆಲ್ಲಗೆ ಅಳಿಯನತ್ತ ತಿರುಗಿದಳು. ಬಾಯಿ ತೆರೆಯುವ ಮುನ್ನವೇ ಅವನಿಗೆ ಶಬ್ದ ಗೊತ್ತಾಯಿತು. ಎಲ್ಲರ ಮುಖದ ಮೇಲೂ ನಗು ತಂದ ಆ ಜಾಣ್ಮೆಗೆ ಹೊಟ್ಟೆ ಉರಿಯುತ್ತಿದ್ದರೂ ಅವನು ಒಳಗೊಳಗೇ ತಲೆಬಾಗಿದ.

ಹೊಸ ವರ ಪಂಡಿತನನ್ನು ಊಟಕ್ಕೆ ನಿಲ್ಲಿಸಿಕೊಂಡರು, ಮಾತುಕತೆಗೆ ಅತ್ತೆಯೂ ನಿಂತಳು. ಆಟೋದ ಚಾವಿ ಸಂಜುಕುಮಾರನ ಕೈಗೆ ಬಂತು. "ಗಾಡಿ ಊರಿಗಿ ಒಯ್ಯಬೇಕಲ್ಲಪ್ಪ. ಜರಾ ಅಡ್ಜಸ್ಟ್."

ಹೈವೇಯಲ್ಲಿ ಖಾಲಿ ಕೊಡ ಹಿಡಿದ ಬಾಳಮ್ಮ ಕೈ ಮಾಡಿದಳು. ಹತ್ತಿ ಕುಳಿತು ಕೇಳಿದಳು. "ಏನಪಾ, ಕನ್ಯಾ ಒಪ್ಪಿದಳೇನು?"

"ಒಪ್ಪ್ಯಾಳವ್ವಾ," ಎಂದು ಗಾಡಿ ಬಿಟ್ಟ ಸಂಜುಕುಮಾರ. "ವರನ್ನ ಅಷ್ಟೇ ಅಡ್ಜಸ್ಟ್ ಮಾಡ್ಯಾರ."